ಐವತ್ತೊಂದನೆಯ ವಾಷರ್

ಕರೆಂಟು ಹೋಗಬಹುದು. ಹೋದ ಕರೆಂಟು ವಾಪಸು ಬರುವಾಗ ಒಮ್ಮೆಗೇ ನುಗ್ಗಿ ಬಂದು ಯಂತ್ರದ ಮಂಡೆ ಸುಟ್ಟುಹೋಗಬಹುದು. ಏಪ್ರಿಲಿನ ಸಿಡಿಲು ಪಕ್ಕದ ತೆಂಗಿನ ಮರವನ್ನು ಬಿಟ್ಟು ನಮ್ಮ ಮಾಡಿನ ಶೀಟಿನ ಮೇಲೆಯೇ ಬೀಳಬಹುದು. ಹಲ್ಲಿ ಮೊಟ್ಟೆ ಇಡಬಹುದು, ಅದೂ ಎಲ್ಲಿ ಇಡಬಾರದೋ ಅಲ್ಲಿಯೇ. ವಯರಿನ ಪೆಟ್ಟಿಗೆಯೊಳಗಿನ ಬೆಚ್ಚಗಿನ ಜಾಗ ಇರುವೆಗಳಿಗೆ ಹಿಡಿಸಿ ಅವು ಅಲ್ಲಿ ಸಂಸಾರ ಹೂಡಬಹುದು. ಇಲಿ ಬೆಲ್ಟು ತಿನ್ನಬಹುದು; ನಮ್ಮ ಗೋಡೌನಿನ ಇಲಿಗಳಿಗೆ ಮೊದಲೇ ರಬ್ಬರಿನ ರುಚಿ ಹತ್ತಿತ್ತು. ಜೂನಿನ ತೇವಕ್ಕೆ ಅಂಟಿಸಿದ ಬಾರ್‌ಕೋಡುಗಳೆಲ್ಲ ಉದುರಿ, ಯಾವುದು ನಟ್ಟು ಯಾವುದು ಬೋಲ್ಟು ಎಂದು ಯಂತ್ರಕ್ಕೂ ತಿಳಿಯದೆ ನಮಗೂ ತಿಳಿಯದೆ ಹೋಗಬಹುದು. ಗೋಡೌನು ಕಟ್ಟಿದ ಜಾಗ ಹಿಂದೆ ಗದ್ದೆಯಾಗಿತ್ತು. ಅಷ್ಟು ಭಾರದ ಕಪಾಟು ನಿಲ್ಲಿಸಿದ ಮರುದಿನ ನೆಲ ಒಂದು ಮೂಲೆಯಲ್ಲಿ ಮೆಲ್ಲಗೆ ಕೂರಬಹುದು. ಮೇಲೆ ಹೋದ ಟ್ರೇ ಕೆಳಗೆ ಬಾರದಿರಬಹುದು. ಕೆಳಗೆ ಬಂದದ್ದು ನಿಲ್ಲದಿರಬಹುದು. ಪ್ಯಾಕಿಂಗಿನ ಲೀಲಕ್ಕನ ಬಳೆ ಸಿಕ್ಕಿಹಾಕಿಕೊಳ್ಳಬಹುದು. ಸುಳ್ಯದ ಕಡೆ ನಾಲ್ಕು ಹನಿ ಬಿದ್ದ ಕೂಡಲೇ ಇಂಟರ್‌ನೆಟ್ಟು ಕೊಡೆ ಹಿಡಿದು ಮನೆಗೆ ಹೋಗಬಹುದು. ಕೊಯಮತ್ತೂರಿನ ಇಂಜಿನಿಯರಿಗೆ ನಮ್ಮ ಮೀನುಸಾರಿನ ಖಾರ ಆಗದೆ ಹೊಟ್ಟೆ ಕೆಟ್ಟು, ಯಂತ್ರವನ್ನು ಅರ್ಧ ಬಿಚ್ಚಿಟ್ಟು ಅವನು ಊರಿಗೆ ಹೋಗಬಹುದು. ಹೋದವನು ಬಾರದಿರಬಹುದು.

ಇಂಥವು ಒಟ್ಟು ನಲವತ್ತಮೂರು. ಎಲ್ಲವನ್ನೂ ನಾನೇ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದಿದ್ದೆ. ಅವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು. ಅದನ್ನು ಹೇಳಲಿಕ್ಕೆಂದೇ ಈ ಬರವಣಿಗೆ. ಆದರೆ ಅಲ್ಲಿಗೆ ಮುಟ್ಟುವ ಮೊದಲು ಬಸ್ಸು ನಾಲ್ಕೈದು ಕಡೆ ನಿಲ್ಲುತ್ತದೆ, ಸುಧಾರಿಸಿಕೊಳ್ಳಬೇಕು.

ನನ್ನ ಹೆಸರು ಪದ್ಮಯ್ಯ. ಹುಟ್ಟಿದ್ದು ಕೊಲ್ಲಮೊಗ್ರಿನಲ್ಲಿ, ಇರುವುದು ಕಬಕದಲ್ಲಿ. ಕಬಕದ ಜಂಕ್ಷನಿನಿಂದ ವಿಟ್ಲದ ಕಡೆ ಸ್ವಲ್ಪ ಹೋದರೆ ಸಿಗುವ ಒಂದು ಸಗಟು ಗೋಡೌನಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದೆ. ಪಂಪು, ಪೈಪು, ಸ್ಪ್ರೇಯರುಗಳ ಬಿಡಿಭಾಗ ನಮ್ಮ ವ್ಯಾಪಾರ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಹಾರ್ಡ್‌ವೇರ್ ಅಂಗಡಿಗಳಿಗೆ ನಮ್ಮಲ್ಲಿಂದ ಮಾಲು ಹೋಗುತ್ತದೆ. ಹೋದ ವರ್ಷ, ಐವತ್ತೆಂಟಕ್ಕೆ, ನಿವೃತ್ತನಾದೆ. ಈಗ ಈ ಕೆಲಸಕ್ಕೆ ಸೇರುವ ಮಕ್ಕಳು ನನ್ನ ಹತ್ತಿರ ಬಂದು, "ಯಂತ್ರ ಬರುವ ಮೊದಲು ನೀವೆಲ್ಲ ಎಂತ ಮಾಡ್ತಿದ್ದಿರಿ?" ಎಂದು ಕೇಳುತ್ತಾರೆ. ಹುಡುಕುತ್ತಿದ್ದೆವು ಮಕ್ಕಳೇ. ಗೋಡೌನಿನ ಕೆಲಸ ಎಂದರೆ ಹುಡುಕುವುದು. ಉಳಿದದ್ದೆಲ್ಲ ಸಿಕ್ಕಿದ ಮೇಲಿನ ಮಾತು.

ನಾನು ಸೇರಿದಾಗ ಮಾಲು ಬಂದ ಕ್ರಮದಲ್ಲಿಯೇ ಇತ್ತು: ಮೊದಲು ಬಂದದ್ದು ಹಿಂದಿನ ಗೋಡೆಗೆ, ನಿನ್ನೆ ಬಂದದ್ದು ಬಾಗಿಲಿಗೆ. ಎಲ್ಲಿ ಎಂತ ಉಂಟು ಎಂದು ಹಿಂದಿನ ಸ್ಟೋರ್ ಕೀಪರಿಗೆ ಬಾಯಿಪಾಠ ಬರುತ್ತಿತ್ತಂತೆ. ಅವರು ಪಾಠವನ್ನು ಜೊತೆಗೇ ತೆಗೆದುಕೊಂಡು ಹೋಗಿದ್ದರು. ನನಗೆ ನೆನಪು ಕಮ್ಮಿ, ಹೆದರಿಕೆ ಜಾಸ್ತಿ. ಮರೆಯದೆ ಗೊತ್ತಿದ್ದ ಸಾಲು ಎಂದರೆ ತಿಂಗಳಿಗೊಮ್ಮೆ ಊರಿಗೆ ಹೋಗುವ ಬಸ್ಸಿನ ಸ್ಟಾಪುಗಳು ಮಾತ್ರ. ಹಾಗಾಗಿ ಕಬ್ಬಿಣದ ಕಪಾಟುಗಳಿಗೆ ಸುಣ್ಣದ ಕಡ್ಡಿಯಲ್ಲಿ ಅವೇ ಹೆಸರು ಬರೆದೆ. ಬಾಗಿಲ ಹತ್ತಿರದ್ದು ಕಬಕ. ದಿನಾ ಬೇಕಾಗುವ ಮಾಲು ಅಲ್ಲಿ. ಆಮೇಲೆ ಪುತ್ತೂರು, ಸವಣೂರು, ಕಡಬ, ಸುಬ್ರಹ್ಮಣ್ಯ. ಹಿಂದಿನ ಗೋಡೆಯ ಕತ್ತಲೆಗೆ ತಾಗಿದ್ದು ಕೊಲ್ಲಮೊಗ್ರು. ವರ್ಷಕ್ಕೊಮ್ಮೆಯೂ ಯಾರೂ ಕೇಳದ ಸಾಮಾನು ಅಲ್ಲಿ. ನನ್ನ ಹುಟ್ಟೂರಿಗೆ ನಾನು ಕೊಟ್ಟ ಮರ್ಯಾದೆ ಇಷ್ಟು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಆ ಏರ್ಪಾಡು ಇಪ್ಪತ್ತು ವರ್ಷ ಮೀರಿ ನಡೆಯಿತು. ವ್ಯಾನು ಓಡಿಸುವ ಮೋನಪ್ಪ ಬೆಳಿಗ್ಗೆ ಪಟ್ಟಿ ಹಿಡಿದು ಬಂದು, "ಪದ್ಮಣ್ಣ, ಇವತ್ತು ಕಡಬಕ್ಕೆ ಎರಡು ಸಲ ಹೋಗ್ಲಿಕ್ಕುಂಟು, ಸುಬ್ರಹ್ಮಣ್ಯಕ್ಕೆ ಒಂದು ಸಲ, ಚಾ ಕುಡಿದೇ ಹೊರಡುದು" ಎನ್ನುತ್ತಿದ್ದ. ಅವನು ಹೇಳುತ್ತಿದ್ದದ್ದು ನಲವತ್ತು ಹೆಜ್ಜೆಯ ಪ್ರಯಾಣ.

ಧನಿಗಳು ಹಸೈನಾರ್ ಹಾಜಿಯವರು. ಅವರ ತಂದೆಯ ಕಾಲದಿಂದ ವ್ಯಾಪಾರದ ಮನೆ. ಅವರ ಕೈಕೆಳಗೆ ನಾನು ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಗಟ್ಟಿ ಮಾತು ಕೇಳಲಿಲ್ಲ. ಎಂಥ ತಪ್ಪು ಮಾಡಿದರೂ ಅವರು ಕೇಳುವುದು ಒಂದೇ ಪ್ರಶ್ನೆ: "ಅಂಗಡಿಯವನಿಗೆ ಕೆಲಸ ಆಯ್ತಾ?" ಆಯಿತು ಎಂದರೆ ಎದ್ದು ಹೋಗುವರು. ಆಗಲಿಲ್ಲ ಎಂದರೆ ಹೋಗುವುದಿಲ್ಲ, ಅಲ್ಲಿಯೇ ಕೂರುವರು. ಬೈಯುವ ಧನಿ ಇದ್ದರೆ ಬೈಗುಳ ತಿಂದು ಊಟಕ್ಕೆ ಹೋಗಬಹುದು. ಎದುರಿಗೆ ಕುರ್ಚಿ ಹಾಕಿ ಸುಮ್ಮನೆ ಕೂರುವ ಧನಿಯನ್ನು ಎಂತ ಮಾಡುವುದು?

ಅವರು ಹಾಗೆ ಕೂತ ಒಂದು ದಿನ ನನಗೆ ಚೆನ್ನಾಗಿ ನೆನಪುಂಟು. ಯಂತ್ರ ಬರುವುದಕ್ಕೆ ಇಪ್ಪತ್ತೆರಡು ವರ್ಷ ಮೊದಲು. ಸ್ಪ್ರಿಂಕ್ಲರ್ ಪೈಪಿನ ಜಾಯಿಂಟಿಗೆ ಹಾಕುವ ರಬ್ಬರ್ ವಾಷರನ್ನು ನಾವು ಚೀಲದಲ್ಲಿ ತರಿಸಿ, ಐವತ್ತರ ಪ್ಯಾಕೆಟ್ಟು ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದೆವು. ಅದೊಂದು ದಿನ ಪ್ಯಾಕಿಂಗಿಗೆ ಜನ ಕಮ್ಮಿ ಇತ್ತೆಂದು ನಾನೇ ಕೂತು ಕಟ್ಟಿದೆ. ವಾರದ ನಂತರ ಬೆಳಿಗ್ಗೆ ಬಾಗಿಲಲ್ಲಿ ತಿಮ್ಮಪ್ಪ ಮಾವ ನಿಂತಿದ್ದರು. ಅವರು ನನ್ನ ಹೆಂಡತಿಯ ಸೋದರಮಾವ, ಕೊಲ್ಲಮೊಗ್ರಿನವರು. ಏನೋ ಮದುವೆಗೆ ಕರೆಯಲು ಬಂದಿದ್ದಾರೆ ಎಂದುಕೊಂಡೆ. ಮಾವ ಜೇಬಿನಿಂದ ನಮ್ಮ ಪ್ಯಾಕೆಟ್ಟಿನ ಖಾಲಿ ಪ್ಲಾಸ್ಟಿಕ್ ತೊಟ್ಟೆ ತೆಗೆದು ಮೇಜಿನ ಮೇಲಿಟ್ಟು, ನಮ್ಮ ಅರೆಭಾಷೆಯಲ್ಲಿ ಒಂದೇ ಮಾತು ಹೇಳಿದರು: "ಪದ್ಮಯ್ಯ, ಒಂದ್ ಕಮ್ಮಿ ಉಟ್ಟು."

ಐವತ್ತು ಜಾಯಿಂಟಿನ ಪೈಪು, ನಲವತ್ತೊಂಬತ್ತು ವಾಷರು. ಉಳಿದ ಒಂದು ಜಾಯಿಂಟಿನಿಂದ ನೀರು ಹಾರಿ ಪಕ್ಕದವರ ಕೊಟ್ಟಿಗೆಯ ಒಳಗೆ ಬೀಳುತ್ತಿತ್ತಂತೆ. ಊರಿನ ಅಂಗಡಿಯಲ್ಲಿ ಬಿಡಿ ವಾಷರು ಇಲ್ಲ. ಮಾವ ಎರಡು ಬಸ್ಸು ಹತ್ತಿ ಬಂದಿದ್ದರು. ಒಂದು ಮುಷ್ಟಿ ಕೊಡಲು ಹೋದೆ, ಬೇಡ ಎಂದರು. ಒಂದನ್ನು ಮಾತ್ರ ಆರಿಸಿ, ಬೆಳಕಿಗೆ ಹಿಡಿದು ನೋಡಿ, ಅಂಗಿಯ ಜೇಬಿಗೆ ಹಾಕಿ, ಮತ್ತೆ ಎರಡು ಬಸ್ಸು ಹತ್ತಿದರು. ಅವತ್ತು ಹಾಜಿಯವರು ನನ್ನ ಮೇಜಿನ ಮುಂದೆ ಮಧ್ಯಾಹ್ನದವರೆಗೆ ಕೂತರು.

ಅವತ್ತೇ ಸಂಜೆ ಪ್ಯಾಕಿಂಗಿನವರನ್ನು ನಿಲ್ಲಿಸಿ, ತಪ್ಪು ನನ್ನದಾದರೂ ಅವರಿಗೆ ಒಂದು ಭಾಷಣ ಮಾಡಿದೆ. ಆಮೇಲೆ ಅಂಥ ದೂರು ಬರಲಿಲ್ಲ. ದೂರು ಬಾರದ ಸಂಗತಿಯನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಭಾಷಣದಲ್ಲಿ ಎಂತ ಹೇಳಿದೆ ಎಂಬುದೂ ಮರೆತುಹೋಯಿತು. ಮಾವ ಮಾತ್ರ ಮರೆಯಲಿಲ್ಲ. ನೆಂಟರ ಮದುವೆಯಲ್ಲಿ ನಾನು ಹಪ್ಪಳ ಬಡಿಸುತ್ತಾ ಹೋದರೆ ಸಾಲಿನ ಕೊನೆಯಿಂದ ಕೂಗುತ್ತಿದ್ದರು, "ಎಣಿಸಿ ನೋಡಿ, ಪದ್ಮಯ್ಯ ಬಡಿಸುದು!"

ಆ ಭಾಷಣ ಕೇಳಿದವರಲ್ಲಿ ಲೀಲಕ್ಕ ಒಬ್ಬಳು. ಕೆಲಸಕ್ಕೆ ಸೇರಿ ಆಗ ನಾಲ್ಕು ದಿನ. ಇಚಿಲಂಪಾಡಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುವವಳು, ಈಗಲೂ ಅದೇ ಬಸ್ಸು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕೈ ಎಂದರೆ ಅದು ಕೈ. ಕಣ್ಣು ಮುಚ್ಚಿ ಅರ್ಧ ಇಂಚಿನ ವಾಷರನ್ನೂ ಮುಕ್ಕಾಲು ಇಂಚಿನದ್ದನ್ನೂ ಬೇರೆ ಮಾಡುತ್ತಿದ್ದಳು. ಬಾಯಲ್ಲಿ ಎಣಿಸುವ ಕ್ರಮವೇ ಇಲ್ಲ. ಐದು ಬೆರಳಿಗೆ ಐದು ವಾಷರು ಸಿಕ್ಕಿಸಿ ತೆಗೆಯುವುದು, ಹಾಗೆ ಹತ್ತು ಸಲ, ಬಾಯಿ ಮಾತ್ರ ಪಕ್ಕದವಳ ಹತ್ತಿರ ಮಗಳ ವಿಷಯ ಮಾತಾಡುತ್ತಲೇ ಇರುವುದು. ಆ ಒಬ್ಬಳೇ ಮಗಳು ಯಂತ್ರ ಬರುವ ಹೊತ್ತಿಗೆ ನರ್ಸಿಂಗ್ ಓದುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಹಾಜಿಯವರ ಮಗಳು ಸಫಿಯಾ ಗಂಡನ ಜೊತೆ ಶಾರ್ಜಾದಿಂದ ವಾಪಸಾದಳು. ಅಲ್ಲಿ ಕಾರಿನ ಬಿಡಿಭಾಗದ ದೊಡ್ಡ ಗೋಡೌನಿನಲ್ಲಿ ಗುಮಾಸ್ತೆಯಾಗಿ ಸೇರಿ ಮ್ಯಾನೇಜರ್ ಆದವಳು. ಹಾಜಿಯವರಿಗೆ ಮೊಣಕಾಲು ನೋವು. ವ್ಯವಹಾರ ಅವಳ ಕೈಗೆ ಬಂತು. ಮೊದಲ ದಿನ ನಾನು ಎದ್ದು ನಿಂತು "ಮೇಡಂ" ಎಂದೆ.

"ಎಂತ ಮೇಡಂ ಪದ್ಮಣ್ಣ? ನನ್ನನ್ನು ಮೊಳೆ ತೂಗುವ ತಕ್ಕಡಿಯಲ್ಲಿ ಕೂರಿಸಿ ತೂಗಿದವರು ನೀವು. ಕೂತ್ಕೊಳ್ಳಿ. ವಾಷರ್ ಎಲ್ಲಿ ಉಂಟು ತೋರಿಸಿ."

"ಸವಣೂರಿನಲ್ಲಿ" ಎಂದೆ.

ಅವಳು ಕಪಾಟುಗಳ ನಡುವೆ ಕೊಲ್ಲಮೊಗ್ರಿನವರೆಗೆ ನಡೆದು ಹೋಗಿ, ತಲೆಗೆ ಸುತ್ತಿದ ಶಾಲಿಗೆ ಅಂಟಿದ ಜೇಡರ ಬಲೆ ತೆಗೆಯುತ್ತಾ ವಾಪಸು ಬಂದಳು. "ಒಂದು ಪ್ರಶ್ನೆ. ನಾಳೆ ನಿಮಗೆ ಜ್ವರ ಬಂದರೆ?"

ಆ ಪ್ರಶ್ನೆಯನ್ನು ನಾನು ಇಪ್ಪತ್ತಾರು ವರ್ಷದಿಂದ ದಿನಾ ರಾತ್ರಿ ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ. ಬೇರೆಯವರ ಬಾಯಿಂದ ಕೇಳಿದ್ದು ಅದೇ ಮೊದಲು. ಒಂದು ತರದ ಸಮಾಧಾನವಾಯಿತು.

ಯಂತ್ರ ತರಿಸುವುದೆಂದು ಆಯಿತು. ಹಾಲ್ ಮಧ್ಯೆ ಶೀಟಿನವರೆಗೆ ಮುಟ್ಟುವ ಒಂದು ಕಪಾಟು. ಒಳಗೆ ನೂರಾರು ಟ್ರೇ. ಗುಂಡಿ ಒತ್ತಿದರೆ ಬೇಕಾದ ಟ್ರೇ ತಾನೇ ಇಳಿದು ನಮ್ಮ ಸೊಂಟದ ಎತ್ತರಕ್ಕೆ ಬಂದು ನಿಲ್ಲುತ್ತದೆ. ನಾವು ಹುಡುಕಿಕೊಂಡು ಹೋಗುವುದಲ್ಲ, ಮಾಲೇ ನಮ್ಮನ್ನು ಹುಡುಕಿಕೊಂಡು ಬರುವುದು. ಪಕ್ಕದಲ್ಲಿ ಪ್ಯಾಕಿಂಗ್ ಮೇಜು; ಮೇಜಿನ ಮೇಲೆ ತೂಕದ ಯಂತ್ರ; ಪ್ಯಾಕೆಟ್ಟಿನ ತೂಕ ಸರಿ ಇದ್ದರೆ ಹಸಿರು ಲೈಟು, ತಪ್ಪಿದ್ದರೆ ಕೆಂಪು. ಹಸಿರಾದದ್ದು ಬೆಲ್ಟಿನ ಮೇಲೆ ವ್ಯಾನಿನ ಕಡೆ ಹೋಗುತ್ತದೆ.

ನಾನು ಒಂದೊಂದೇ ಹೆದರಿಕೆ ಹೇಳಲು ಶುರುಮಾಡಿದೆ. ಆರನೆಯದಕ್ಕೆ ಸಫಿಯಾ ಕೈ ಎತ್ತಿದಳು. "ನಿಲ್ಲಿಸಿ. ಇದನ್ನೆಲ್ಲ ಬರೆದು ಕೊಡಿ. ಶಾರ್ಜಾದಲ್ಲಿ ಇದಕ್ಕೆಂದೇ ಸಂಬಳ ಕೊಟ್ಟು ಒಬ್ಬನನ್ನು ಇಟ್ಟಿದ್ದರು." ನಾನು ಬರೆದ ಪುಸ್ತಕಕ್ಕೆ ಅವಳೇ ಮಂಡೆಬಿಸಿ ಪುಸ್ತಕ ಎಂದು ಹೆಸರಿಟ್ಟಳು. ಐವತ್ತೈದು ವರ್ಷ ನನ್ನ ರೋಗವಾಗಿದ್ದದ್ದು ಒಂದು ದಿನದಲ್ಲಿ ನನ್ನ ಡ್ಯೂಟಿಯಾಯಿತು. ಮನೆಯಲ್ಲಿ ಹೇಳಿದರೆ ಹೆಂಡತಿ ನಂಬಲಿಲ್ಲ.

ಹಳೆಯ ಕಪಾಟು ಖಾಲಿ ಮಾಡಿದ ವಾರ ನನ್ನ ಮರ್ಯಾದೆಯೂ ಸ್ವಲ್ಪ ಖಾಲಿಯಾಯಿತು. ಕೊಲ್ಲಮೊಗ್ರಿನ ಕಡೇ ತಟ್ಟಿನಲ್ಲಿ, ಯಾವ ಕಂಪೆನಿಯದ್ದೆಂದೇ ಗೊತ್ತಿಲ್ಲದ ಪಂಪಿನ ಭಾಗಗಳ ಹಿಂದೆ, ಒಂದು ಸ್ಟೀಲಿನ ಬುತ್ತಿ ಸಿಕ್ಕಿತು. ಮುಚ್ಚಳದ ಮೇಲೆ ನನ್ನದೇ ಹೆಸರು. ಹನ್ನೊಂದು ವರ್ಷದ ಹಿಂದೆ ಅದು ಕಾಣೆಯಾದಾಗ ನಾನು ಮೋನಪ್ಪನ ಮೇಲೆ ಸಂಶಯಪಟ್ಟು ಎರಡು ತಿಂಗಳು ಮಾತು ಬಿಟ್ಟಿದ್ದೆ. ಮೋನಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದು ಎಲ್ಲರ ಮುಂದೆ ತಂದ.

"ಪದ್ಮಣ್ಣ, ತೆರೀಬೇಡಿ ಮಾರಾಯ್ರೆ. ಒಳಗೆ ಎಂತ ಇದ್ರೂ ಅದಕ್ಕೀಗ ಮಾತು ಬಂದಿರ್ತದೆ. ನನ್ನ ಪರವಾಗಿ ಸಾಕ್ಷಿ ಹೇಳ್ತದೆ."

ಎಲ್ಲರೂ ನಕ್ಕರು. ನಾನು ಅವನಿಗೆ ಮಧ್ಯಾಹ್ನದ ಊಟ ಕೊಡಿಸಿದೆ. ಅವನು ಹನ್ನೊಂದು ವರ್ಷದ ಸಿಟ್ಟು ತೀರಿಸಲು ಎರಡು ಪ್ಲೇಟು ಮೀನು ಹೆಚ್ಚು ತಿಂದ.

ಆರ್ಡರು ತೆಗೆದುಕೊಳ್ಳುವ ಕ್ರಮವೂ ಬದಲಾಯಿತು. ಮೊದಲು ಎಲ್ಲ ಫೋನಿನಲ್ಲಿ. ಒಬ್ಬರು ತುಳುವಿನಲ್ಲಿ, ಒಬ್ಬರು ಬ್ಯಾರಿಯಲ್ಲಿ, ಗಡಿಯ ಕಡೆಯವರು ಮಲಯಾಳದಲ್ಲಿ, ನಮ್ಮವರು ಅರೆಭಾಷೆಯಲ್ಲಿ. ಭಾಷೆಯ ತೊಂದರೆ ಇರಲಿಲ್ಲ, ನಮಗೆಲ್ಲ ಎಲ್ಲವೂ ಬರುತ್ತದೆ. ತೊಂದರೆ ಎಂದರೆ ಯಾವ ಅಂಗಡಿಯವನೂ ಸಾಮಾನಿನ ನಿಜ ಹೆಸರು ಹೇಳುವುದಿಲ್ಲ. "ಹೋದ ಸಲ ಕೊಟ್ಟದ್ದು, ಮೂಗು ಇದ್ದದ್ದು" ಎನ್ನುತ್ತಾನೆ. ಯಂತ್ರಕ್ಕೆ ಮೂಗು ಅರ್ಥವಾಗುವುದಿಲ್ಲ. ಸಫಿಯಾ ಒಂದೊಂದು ಸಾಮಾನಿನ ಫೋಟೋ ತೆಗೆಸಿ ಮೊಬೈಲಿಗೆ ಹಾಕಿಸಿದಳು; ಅಂಗಡಿಯವರು ಫೋಟೋ ಒತ್ತಿದರೆ ಸಾಕು. ಯಾರೂ ಒತ್ತುವುದಿಲ್ಲ, ಎಲ್ಲರೂ ಫೋನೇ ಮಾಡುತ್ತಾರೆ ಎಂಬುದು ನನ್ನ ಪಟ್ಟಿಯ ಇಪ್ಪತ್ತೆರಡನೆಯದ್ದು. ಎರಡೇ ವಾರದಲ್ಲಿ ಎಲ್ಲರೂ ಒತ್ತಿದರು. ಒಬ್ಬರು ಮಾತ್ರ ಫೋಟೋ ಒತ್ತಿದ ಮೇಲೆ ಫೋನೂ ಮಾಡಿ, "ಒತ್ತಿದ್ದೇನೆ ಆಯ್ತಾ?" ಎನ್ನುತ್ತಿದ್ದರು. ಅವರು ನನ್ನ ಜಾತಿಯವರು, ಎಂದರೆ ಹೆದರುವವರ ಜಾತಿ.

ಹೊಸ ಯಂತ್ರದಲ್ಲಿ ನನಗೆ ಸಹಿಸಲು ಆಗದೇ ಇದ್ದದ್ದು ಒಂದೇ. ಅದರಲ್ಲಿ ಯಾವ ಸಾಮಾನಿಗೂ ಅದರದ್ದೆಂಬ ಜಾಗ ಇಲ್ಲ. ಒಂದೇ ವಾಷರು ಇವತ್ತು ಮೇಲಿನ ಟ್ರೇಯಲ್ಲಿ, ನಾಳೆ ಕೆಳಗಿನದ್ದರಲ್ಲಿ; ಎಲ್ಲಿ ಖಾಲಿ ಉಂಟೋ ಅಲ್ಲಿ ಅದು ಇಡುತ್ತದೆ. "ಹಾಗಾದರೆ ಎಲ್ಲಿ ಉಂಟು ಅಂತ ನಮಗೆ ಗೊತ್ತಾಗುದು ಹೇಗೆ?" ಎಂದು ಯಂತ್ರದ ಕಂಪೆನಿಯಿಂದ ಬಂದ ಇಂಜಿನಿಯರ್ ಸೆಂಥಿಲನಲ್ಲಿ ಕೇಳಿದೆ.

ಸೆಂಥಿಲ್ ತಮಿಳಿನವನು, ಕನ್ನಡ ಕಲಿತದ್ದು ಹುಬ್ಬಳ್ಳಿಯಲ್ಲಿ ಎಂದು ಹೇಳುತ್ತಿದ್ದ. ಕೇಳಿದರೆ ಹುಬ್ಬಳ್ಳಿಯವರು ಒಪ್ಪಲಿಕ್ಕಿಲ್ಲ. "ನಿಮಗೆ ಗೊತ್ತಾಗೋದು ಬೇಡ ಸಾರ್," ಎಂದ.

ಇಪ್ಪತ್ತಾರು ವರ್ಷ ಅದೊಂದನ್ನೇ ತಿಳಿದುಕೊಂಡು ಸಂಬಳ ತಿಂದವನಿಗೆ ಆ ಮಾತು ಹೇಗಾಗಬೇಡ! ಆ ರಾತ್ರಿ ನಿದ್ದೆ ಬರಲಿಲ್ಲ. ಯಂತ್ರ ನಡೆಯಲು ಶುರುವಾದ ಮೇಲೆ ಬಂದಷ್ಟು ಒಳ್ಳೆಯ ನಿದ್ದೆ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ನಿಜವಾದ ತೊಡಕು ಲೀಲಕ್ಕನದ್ದು. ಪ್ಯಾಕಿಂಗಿನಲ್ಲಿ ಐದು ಜನ ಇದ್ದರು. ಇಬ್ಬರು ಕಂಪ್ಯೂಟರಿಗೆ, ಒಬ್ಬ ವ್ಯಾನಿಗೆ, ಒಬ್ಬಳು ಮದುವೆಯಾಗಿ ಕಾಸರಗೋಡಿಗೆ. ಉಳಿದದ್ದು ಲೀಲಕ್ಕ, ಮತ್ತು ಹೊಸ ಮೇಜು ಒಂದು. ಸೆಂಥಿಲನ ಲೆಕ್ಕದಲ್ಲಿ ಆ ಮೇಜೇ ಬೇಡ. ವಾಷರು, ಕ್ಲಿಪ್ಪು ಎಲ್ಲ ಫ್ಯಾಕ್ಟರಿಯಲ್ಲೇ ಪ್ಯಾಕೆಟ್ಟಾಗಿ ಸಿಗುತ್ತದೆ, ಹಾಗೇ ತರಿಸಿ ಹಾಗೇ ಕಳಿಸಿ ಎಂದು ಅವನು. ಕೈಯಲ್ಲಿ ಎಣಿಸುವುದು ಎಂದರೆ ತಪ್ಪಿಗೆ ಬಾಗಿಲು ತೆರೆದಿಟ್ಟ ಹಾಗೆ ಎಂದ. ಸಫಿಯಾಳಿಗೂ ಅದು ಸರಿ ಎಂದೇ ಕಂಡಿತು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಲೀಲಕ್ಕ ಕೇಳಿದಳು, "ಪದ್ಮಣ್ಣ, ನನ್ನನ್ನು ಕಳಿಸುದಾದರೆ ಈಗಲೇ ಹೇಳಿ. ಮಗಳ ಕೋರ್ಸು ಇನ್ನು ಎರಡು ವರ್ಷ ಉಂಟು. ಕಡಬದಲ್ಲಿ ಎಲ್ಲಾದರೂ ಕೇಳಿ ಇಡ್ತೇನೆ. ಆದರೆ ಈ ವಯಸ್ಸಿಗೆ ಯಾರು ತಕ್ಕೊಳ್ತಾರೆ?" ಅವಳ ಸ್ವರದಲ್ಲಿ ಅಳು ಇರಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ ಹಾಗೆ ಕೇಳಿದಳು.

ಧೈರ್ಯ ಎನ್ನುವುದು ನನ್ನ ಮನೆತನದಲ್ಲಿ ಇಲ್ಲ. ಆದರೂ ನೇರ ಹೋಗಿ ಸಫಿಯಾಳಲ್ಲಿ ಹೇಳಿದೆ. "ಲೀಲಕ್ಕನ ಕೈ ತಪ್ಪುದಿಲ್ಲ. ಬೇಕಾದರೆ ಯಂತ್ರದ ಎದುರಿಗೇ ಕೂರಿಸಿ ನೋಡು. ತಪ್ಪಿದರೆ ನನ್ನನ್ನು ಕೇಳು."

"ಮೂರು ದಿನ ನೋಡುವ," ಎಂದಳು ಸಫಿಯಾ. "ಕೆಂಪು ಲೈಟು ಬೆರಳೆಣಿಕೆಗಿಂತ ಹೆಚ್ಚಾದರೆ ಫ್ಯಾಕ್ಟರಿ ಪ್ಯಾಕೆಟ್. ನನಗೂ ಲೀಲಕ್ಕ ಬೇಕು ಪದ್ಮಣ್ಣ, ಆದರೆ ಹೊಸ ಯಂತ್ರ ತಂದು ಹಳೇ ತಪ್ಪು ಇಟ್ಟುಕೊಳ್ಳಲಿಕ್ಕೆ ಆಗುದಿಲ್ಲ."

ಆಮೇಲೆ ಮನೆಗೆ ಹೋಗಿ ನನ್ನ ಪಟ್ಟಿಯ ನಲವತ್ತಮೂರನೆಯದನ್ನು ಬರೆದೆ: ಲೀಲಕ್ಕನ ಕೈ ನಡುಗಬಹುದು.

ಯಂತ್ರ ಶುರುವಾದ ಬೆಳಿಗ್ಗೆ ಕರೆಂಟು ಇತ್ತು. ಆಕಾಶ ತಿಳಿಯಾಗಿತ್ತು. ನೆಲ ಕೂರಲಿಲ್ಲ, ಹಲ್ಲಿ ಕಾಣಲಿಲ್ಲ, ಸೆಂಥಿಲನ ಹೊಟ್ಟೆ ಗಟ್ಟಿ ಇತ್ತು. ಹಾಜಿಯವರು ಮೊಣಕಾಲು ನೋವಿನಲ್ಲೂ ಬಂದು ದುವಾ ಮಾಡಿ ಕುರ್ಚಿಯಲ್ಲಿ ಕೂತರು. ಲೀಲಕ್ಕ ಬಳೆ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಅದು ಪಟ್ಟಿಯ ಪ್ರಕಾರ ನಾನೇ ಹೇಳಿದ್ದು. ಗುಂಡಿ ಒತ್ತಿದ ಕೂಡಲೇ ಟ್ರೇ ಮದುಮಗಳ ಹಾಗೆ ಮೆಲ್ಲಗೆ ಇಳಿದು ಬಂತು. ಅರ್ಧ ಇಂಚಿನ ರಬ್ಬರ್ ವಾಷರು. ಲೀಲಕ್ಕನ ಬೆರಳು ಟ್ರೇಗೆ ಇಳಿದವು, ಎದ್ದವು. ಮೊದಲ ಪ್ಯಾಕೆಟ್ಟು ಕಟ್ಟಿ ತೂಕಕ್ಕೆ ಇಟ್ಟಳು.

ಕೆಂಪು.

ಎರಡನೆಯದ್ದು, ಕೆಂಪು. ಮೂರನೆಯದ್ದು, ಕೆಂಪು. ಯಂತ್ರ ಪ್ರತಿ ಸಲ ಒಂದು ಸಣ್ಣ ಕೂಗು ಬೇರೆ ಹಾಕುತ್ತಿತ್ತು, ಗೂಡಿನೊಳಗೆ ಸಿಕ್ಕಿಬಿದ್ದ ಕೋಳಿಯ ಹಾಗೆ. ಹತ್ತಾಯಿತು. ಹದಿನೈದಾಯಿತು. ಲೀಲಕ್ಕನ ಮಾತು ನಿಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಮಾತಿಲ್ಲದೆ ಪ್ಯಾಕೆಟ್ಟು ಕಟ್ಟಿದ್ದನ್ನು ನಾನು ನೋಡಿದ್ದು ಅವತ್ತೇ. ಕೈ ಮಾತ್ರ ನಡುಗುತ್ತಿರಲಿಲ್ಲ.

ಸೆಂಥಿಲ್ ತೂಕದ ಯಂತ್ರದ ಮೇಲೆ ಒಂದು ಬಟ್ಟು ಇಟ್ಟು ಪರೀಕ್ಷಿಸಿದ. ಸರಿ ಇತ್ತು. ಇನ್ನೊಂದು ಬಟ್ಟು ಇಟ್ಟ. ಅದೂ ಸರಿ. ನನ್ನ ಹತ್ತಿರ ಬಂದು ಸ್ವರ ತಗ್ಗಿಸಿ, "ಸಾರ್, ಅಮ್ಮನಿಗೆ ಎಣಿಕೆ ಬರಲ್ಲ. ಒಂದೂ ಸರಿ ಇಲ್ಲ" ಎಂದ. ಅಷ್ಟು ತಗ್ಗಿದ ಸ್ವರ ಇಡೀ ಗೋಡೌನಿಗೆ ಕೇಳಿತು.

ನಾನು ಮಂಡೆಬಿಸಿ ಪುಸ್ತಕ ತೆಗೆದು ಒಂದರಿಂದ ನಲವತ್ತಮೂರರವರೆಗೆ ಬೆರಳಿಟ್ಟು ನೋಡಿದೆ. ಇದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಸಫಿಯಾ ನನ್ನನ್ನು ನೋಡಿದಳು. ಸಿಟ್ಟಿನಲ್ಲಲ್ಲ, ಬೇಸರದಲ್ಲಿ, ಅದು ಇನ್ನೂ ಕಷ್ಟ. ಲೀಲಕ್ಕ ಎದ್ದು ನಿಂತು ಸೆರಗಿನ ಗಂಟು ಬಿಚ್ಚಿ ಬಳೆ ಹಾಕಿಕೊಳ್ಳತೊಡಗಿದಳು.

"ಕೂತ್ಕೋ ಲೀಲಾ," ಎಂದರು ಹಾಜಿಯವರು ಕುರ್ಚಿಯಿಂದ. "ಪದ್ಮಯ್ಯ, ಒಂದು ಪ್ಯಾಕೆಟ್ ಬಿಚ್ಚು."

ಬಿಚ್ಚಿದೆ. ಮೇಜಿನ ಮೇಲೆ ಹತ್ತು ಹತ್ತರ ಸಾಲು ಮಾಡಿ ಇಟ್ಟೆ. ಐದು ಸಾಲು ಆಯಿತು. ಆಮೇಲೆ ಒಂದು ಉಳಿಯಿತು.

"ಐವತ್ತೊಂದು" ಎಂದೆ.

"ಇನ್ನೊಂದು."

ಅದರಲ್ಲೂ ಐವತ್ತೊಂದು. ಮೂರನೆಯದ್ದನ್ನು ಸಫಿಯಾ ಎಣಿಸಿದಳು, ಐವತ್ತೊಂದು. ಸೆಂಥಿಲನಿಗೆ ನಂಬಿಕೆ ಬಾರದೆ ತಾನೇ ಕೂತು ತಮಿಳಿನಲ್ಲಿ ಗಟ್ಟಿಯಾಗಿ ಎಣಿಸಿದ. ಒಂದಾದ ಮೇಲೆ ಒಂದು, ಇದ್ದ ಎಲ್ಲಾ ಪ್ಯಾಕೆಟ್ಟುಗಳನ್ನೂ ಎಣಿಸಿದ. ಎಲ್ಲದರಲ್ಲೂ ಐವತ್ತೊಂದು. ಐವತ್ತೂ ಇಲ್ಲ, ಐವತ್ತೆರಡೂ ಇಲ್ಲ. ಕೊನೆಯದ್ದು ಮುಗಿದಾಗ ಅವನು ಲೀಲಕ್ಕನ ಕೈಯನ್ನೇ ನೋಡುತ್ತಿದ್ದ.

"ಐವತ್ತೊಂದೇ ಅಲ್ವಾ ಹಾಕುದು?" ಎಂದಳು ಲೀಲಕ್ಕ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಐವತ್ತಕ್ಕೆ ಒಂದು ಕೊಸರು. ಪದ್ಮಣ್ಣನೇ ಹೇಳಿದ್ದು. ಕೊಲ್ಲಮೊಗ್ರಿನಿಂದ ಮಾವ ಬಂದ ದಿನ. 'ಕಮ್ಮಿ ಆಗುದು ಬೇಡ, ಇವತ್ತಿನಿಂದ ಒಂದು ಹೆಚ್ಚೇ ಹಾಕಿ' ಅಂತ. ಇಪ್ಪತ್ತೆರಡು ವರ್ಷದಿಂದ ಹಾಕ್ತಾ ಇದ್ದೇನೆ. ಹೊಸಬರು ಬಂದವರಿಗೂ ಹೇಳಿ ಕೊಟ್ಟಿದ್ದೇನೆ."

ಎಲ್ಲರೂ ನನ್ನ ಕಡೆ ತಿರುಗಿದರು.

ಆಗ ನನಗೆ ನನ್ನ ಭಾಷಣ ನೆನಪಾಯಿತು. ಮಾನ ಹೋದ ಗಡಿಬಿಡಿಯಲ್ಲಿ ಆಡಿದ ಮಾತು. ನಾಲ್ಕು ದಿನದ ಮಟ್ಟಿಗೆ ಎಂದು ಮನಸ್ಸಿನಲ್ಲಿ ಇದ್ದದ್ದು, ನಿಲ್ಲಿಸಿ ಎಂದು ಹೇಳಲು ಮರೆತದ್ದು. ಅದರ ಜೊತೆಗೆ ಇನ್ನೊಂದು ವಿಷಯವೂ ಹೊಳೆದು ಕಿವಿಯವರೆಗೆ ಬಿಸಿಯಾಯಿತು. ಪ್ರತಿ ವರ್ಷ ಮಾಲು ತೂಗುವಾಗ ರಬ್ಬರ್ ವಾಷರು ಸ್ವಲ್ಪ ಕಮ್ಮಿ ಬರುತ್ತಿತ್ತು. ಪ್ರತಿ ವರ್ಷ ನಾನು ಕಾರಣದ ಜಾಗದಲ್ಲಿ 'ಇಲಿ' ಎಂದು ಬರೆಯುತ್ತಿದ್ದೆ. ಬೋನು ತರಿಸಿದ್ದೆ. ಬೆಕ್ಕು ಸಾಕಿದ್ದೆ. ಬೆಕ್ಕು ಸೋಮಾರಿ ಎಂದು ಅದನ್ನು ಬದಲಾಯಿಸಿ ಇನ್ನೊಂದು ಬೆಕ್ಕು ತಂದಿದ್ದೆ.

ಮೋನಪ್ಪ ಬಾಗಿಲಿನಿಂದ ಹೇಳಿದ, "ಬುತ್ತಿ ಕದ್ದವ ನಾನು, ವಾಷರು ತಿಂದದ್ದು ಇಲಿ. ಪದ್ಮಣ್ಣನ ತನಿಖೆ ಅಂದ್ರೆ ತನಿಖೆ!"

ಮೊದಲು ನಕ್ಕದ್ದು ಹಾಜಿಯವರು. ನಗುವಾಗ ಮೊಣಕಾಲು ಹಿಡಿದುಕೊಂಡರು. ನಕ್ಕು ಮುಗಿದ ಮೇಲೆ ತಮ್ಮ ಹಳೆಯ ಪ್ರಶ್ನೆಯನ್ನೇ ಬೇರೆ ತರ ಕೇಳಿದರು. "ಇಪ್ಪತ್ತೆರಡು ವರ್ಷದಲ್ಲಿ ವಾಷರು ಕಮ್ಮಿ ಅಂತ ಯಾರಾದರೂ ಬಂದದ್ದುಂಟಾ?"

"ಇಲ್ಲ" ಎಂದೆ.

ಸೆಂಥಿಲನಿಗೆ ಸಮಾಧಾನವಿರಲಿಲ್ಲ. "ಸಾರ್, ಬಿಲ್ಲು ಐವತ್ತಕ್ಕೆ, ಹೋಗೋದು ಐವತ್ತೊಂದು. ಸಿಸ್ಟಮ್‌ಗೆ ಹೇಗೆ ಹೇಳೋದು? ಫ್ಯಾಕ್ಟರಿ ಪ್ಯಾಕೆಟ್ ತಗೊಂಡ್ರೆ ಈ ತೊಂದರೆ ಇಲ್ಲ."

"ಉಪ್ಪ, ಅವನು ಹೇಳುದು ಸರಿ" ಎಂದಳು ಸಫಿಯಾ ತಂದೆಗೆ. "ಕೊಸರು ನಿಲ್ಲಿಸಿದರೆ ಲೀಲಕ್ಕ ಐವತ್ತೇ ಹಾಕ್ತಾರೆ, ಮುಗಿಯಿತು."

"ಐವತ್ತಕ್ಕೆ ಐವತ್ತೇ ಕೊಡುದಾದರೆ ಅಂಗಡಿಯವ ಕಬಕಕ್ಕೆ ಯಾಕೆ ಬರಬೇಕು? ಫ್ಯಾಕ್ಟರಿ ಪ್ಯಾಕೆಟ್ ಎಲ್ಲಾ ಕಡೆ ಸಿಗ್ತದೆ" ಎಂದರು ಹಾಜಿಯವರು. "ನೀನು ತಂದ ಯಂತ್ರ ಕಲೀಲಿಕ್ಕೆ ಆಗದಷ್ಟು ದಡ್ಡಾ?"

ಸಫಿಯಾ ಮೇಜಿನ ಮೇಲಿನ ಸಾಲುಗಳನ್ನು ನೋಡಿದಳು. ನಾನು ಹಾಕಿದ ಐದು ಸಾಲು, ಪಕ್ಕದಲ್ಲಿ ಒಂದೇ ಒಂದು ವಾಷರು. ಆಮೇಲೆ ಕೀಬೋರ್ಡು ಎಳೆದುಕೊಂಡು ತಾನೇ ಟೈಪು ಮಾಡಿದಳು. ಪ್ಯಾಕೆಟ್ಟಿನಲ್ಲಿ ಐವತ್ತೊಂದು, ಬಿಲ್ಲಿನಲ್ಲಿ ಐವತ್ತು, ಉಳಿದ ಒಂದಕ್ಕೆ ಬೇರೆಯೇ ಒಂದು ಖಾನೆ. ಸೆಂಥಿಲ್ ಆ ಖಾನೆಗೆ ಹೆಸರು ಕೇಳಿದ. ಸಫಿಯಾ 'ಕೊಸರು' ಎಂದು ಕನ್ನಡದಲ್ಲೇ ಹೊಡೆದಳು. ಕೊಯಮತ್ತೂರಿನ ಆ ಯಂತ್ರದ ಹೊಟ್ಟೆಯಲ್ಲಿ ಈಗಲೂ ಆ ಪದ ಉಂಟು.

"ಲೀಲಕ್ಕ, ಈಗ ಇಡಿ" ಎಂದಳು.

ಲೀಲಕ್ಕ ಮತ್ತೆ ಬಳೆ ಬಿಚ್ಚಿ ಸೆರಗಿಗೆ ಕಟ್ಟಿದಳು. ಬಿಚ್ಚಿದ ಪ್ಯಾಕೆಟ್ಟುಗಳನ್ನೆಲ್ಲ ಮತ್ತೆ ಕಟ್ಟಿ ಒಂದೊಂದಾಗಿ ಇಟ್ಟಳು. ಹಸಿರು. ಹಸಿರು. ಹಸಿರು. ಐದಾರು ಹಸಿರಾಗುವಷ್ಟರಲ್ಲಿ ಮಾತು ವಾಪಸು ಬಂತು. ಮಗಳು ಹಾಸ್ಟೆಲಿನ ಸಾಂಬಾರಿನ ಬಗ್ಗೆ ಎಂತ ಹೇಳಿದಳು ಎಂದು ಸೆಂಥಿಲನಿಗೇ ಹೇಳತೊಡಗಿದಳು. ಮೂರು ದಿನದಲ್ಲಿ ಮತ್ತೆ ಒಂದೂ ಕೆಂಪು ಬರಲಿಲ್ಲ. ನಾಲ್ಕನೆಯ ದಿನ ಸಫಿಯಾ ಆ ಮೇಜಿಗೆ ಒಂದು ಮೆತ್ತನೆಯ ಕುರ್ಚಿ ತರಿಸಿದಳು. ಆ ವಿಷಯ ಅಲ್ಲಿಗೆ ತೀರ್ಮಾನವಾಯಿತು.

ಈಗ ಸೇರುವ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಯಂತ್ರಕ್ಕೆ ಹೆದರಬೇಡಿ, ಅದು ನೀವು ಹೇಳಿದ್ದನ್ನೇ ಮಾಡುತ್ತದೆ. ನೀವು ಹೇಳಲು ಮರೆತದ್ದು ಎಂತ ಎಂದು ಮಾತ್ರ ಅದು ಎಲ್ಲರೆದುರು ಕೂಗಿ ಹೇಳುತ್ತದೆ. ನನ್ನ ಪಟ್ಟಿಯಲ್ಲಿ ಸಿಡಿಲಿಗೆ ಜಾಗ ಇತ್ತು, ಇರುವೆಗೆ ಇತ್ತು. ದಿನಾ ಕಣ್ಣೆದುರು ನಡೆಯುತ್ತಿದ್ದ ಕೆಲಸಕ್ಕೆ ಇರಲಿಲ್ಲ.

ಅವತ್ತು ಸಂಜೆ ಮನೆಗೆ ಬಂದು ಮಂಡೆಬಿಸಿ ಪುಸ್ತಕ ತೆರೆದು, ನಲವತ್ತಮೂರರ ಕೆಳಗೆ ಒಂದು ಗೆರೆ ಎಳೆದು, ನಿಜವಾಗಿ ಆದದ್ದನ್ನು ಬರೆದೆ. ಹೆಂಡತಿ ಚಾ ತಂದಿಟ್ಟು ಬಗ್ಗಿ ನೋಡಿದಳು. ಎರಡು ತಿಂಗಳು ನನ್ನ ನಿದ್ದೆಗೆಟ್ಟ ರಾತ್ರಿಗಳನ್ನೆಲ್ಲ ಪಕ್ಕದಲ್ಲಿ ಮಲಗಿ ಅನುಭವಿಸಿದವಳು. ಗಟ್ಟಿಯಾಗಿ ಓದಿದಳು:

"'ನಲವತ್ತನಾಲ್ಕು. ಪ್ಯಾಕೆಟ್ಟಿಗೆ ಒಂದು ವಾಷರು ಹೆಚ್ಚು. ತಪ್ಪು: ಪದ್ಮಯ್ಯನದ್ದು.' ಇಷ್ಟೇನಾ?"

"ಇಷ್ಟೇ," ಎಂದೆ. "ಅರ್ಧ ಇಂಚಿನದ್ದು."